ಬಾನಿಂದ ಇಳಿದ ಪಲ್ಟನ್, ಬರೆದಿಡದ ಊರು

ವಿಮಾನದಿಂದ ಪ್ಯಾರಾಚೂಟ್ ಕಟ್ಟಿಕೊಂಡು ಜಿಗಿದ ಮೊದಲ ಇಬ್ಬರು ಭಾರತೀಯ ಸೈನಿಕರಲ್ಲಿ ಒಬ್ಬರು ವೈದ್ಯರು. ಹಾಗೆ ಇಳಿದವರು ಲೆಫ್ಟಿನೆಂಟ್ ಎ.ಜಿ. ರಂಗರಾಜ್ ಮತ್ತು ಹವಾಲ್ದಾರ್ ಮೇಜರ್ ಮಥುರಾ ಸಿಂಗ್. 1941ರ ಅಕ್ಟೋಬರ್ ಕೊನೆಗೆ ದೆಹಲಿಯಲ್ಲಿ 50ನೇ ಪ್ಯಾರಾಚೂಟ್ ಬ್ರಿಗೇಡ್ ಕಟ್ಟಲಾಯಿತು. ಆ ಪರಂಪರೆಗೆ ಈಗ ಎಂಬತ್ತೈದನೆಯ ವರ್ಷ ನಡೆದಿದೆ. ಇತ್ತ ನಮ್ಮ ಕುಂದಗೋಳ ತಾಲ್ಲೂಕಿನ ಬೆಟದೂರು ಇಡೀ ದೇಶದ ಬಾಯಲ್ಲಿ ಬಂದು ಹತ್ತು ವರ್ಷ ತುಂಬಿದೆ. ಈ ಎರಡನ್ನೂ ಒಟ್ಟಿಗೆ ಇಟ್ಟುಕೊಂಡು ಹಿಂದಿರುಗಿ ನೋಡುವುದು ಈ ಲೇಖನದ ಕೆಲಸ.

ಬೆಟದೂರಿನ ಲಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ ಪ್ಯಾರಾ ಸೈನಿಕರಾಗಿರಲಿಲ್ಲ. ಅವರದು 19ನೇ ಮದ್ರಾಸ್ ಪಲ್ಟನ್, ನೆಲದ ಮೇಲೆ ನಡೆದು ಕಾದುವ ಪದಾತಿ ದಳ. ಆದರೂ ಪ್ಯಾರಾ ಪಡೆಗಳ ಮಾತು ಬಂದಾಗ ಧಾರವಾಡ ಜಿಲ್ಲೆಯ ಹಳ್ಳಿಗಳವರು ಅವರಿಂದಲೇ ಶುರು ಮಾಡಬೇಕು ಎನಿಸುತ್ತದೆ. ಪ್ಯಾರಾ ಪಡೆಯ ಅಡಿಪಾಯ ಯಾವ ಗುಣದ ಮೇಲೆ ನಿಂತಿದೆಯೋ ಆ ಗುಣ ಅವರ ಸೇವಾ ದಾಖಲೆಯಲ್ಲಿ ಎದ್ದು ಕಾಣುತ್ತದೆ. ಆ ದಾಖಲೆ ನಮ್ಮ ಕೈಗೆ ಸಿಕ್ಕ ರೀತಿಯೂ ನಾವು ಸೈನಿಕರನ್ನು ಹೇಗೆ ನೆನೆಯುತ್ತೇವೆ ಎಂಬುದರ ಬಗ್ಗೆ ಬಹಳಷ್ಟು ಹೇಳುತ್ತದೆ.

2016ರ ಫೆಬ್ರವರಿ 3ರಂದು ಸಿಯಾಚಿನ್ ಹಿಮನದಿಯ ಸೋನಮ್ ಠಾಣೆಯ ಮೇಲೆ ಹಿಮದ ಗೋಡೆ ಕುಸಿಯಿತು. ಸುಮಾರು 19,600 ಅಡಿ ಎತ್ತರದ ಆ ಠಾಣೆಯಲ್ಲಿದ್ದ ಹತ್ತು ಜನರೂ ಹಿಮದಡಿ ಸಿಕ್ಕಿಕೊಂಡರು. ಬದುಕಿರುವ ಆಸೆಯನ್ನು ಬಹುಮಟ್ಟಿಗೆ ಎಲ್ಲರೂ ಬಿಟ್ಟಿದ್ದಾಗ ಫೆಬ್ರವರಿ 8ರ ಸಂಜೆ, 25-30 ಅಡಿ ಆಳದಿಂದ ಹನುಮಂತಪ್ಪ ಉಸಿರಾಡುತ್ತಲೇ ಹೊರಬಂದರು. ಅವರನ್ನು ಹುಡುಕಿದ ನಾಯಿಗಳು ಡಾಟ್ ಮತ್ತು ಮಿಷಾ. ಬಂಡೆಯಂತೆ ಗಟ್ಟಿಯಾದ ಹಿಮ ಕೊರೆಯುವ ಯಂತ್ರಗಳು, ಹಿಮದೊಳಗೆ ಕಣ್ಣು ಹಾಯಿಸುವ ರಾಡಾರ್, ಇವೆಲ್ಲ ಹೆಲಿಕಾಪ್ಟರ್‌ನಲ್ಲೇ ಮೇಲಕ್ಕೆ ಹೋಗಿದ್ದವು. ಮೂರು ದಿನ ದೆಹಲಿಯ ಸೇನಾ ಆಸ್ಪತ್ರೆಯಲ್ಲಿ ಜೀವ ಹಿಡಿದಿದ್ದು ಫೆಬ್ರವರಿ 11ರ ಮಧ್ಯಾಹ್ನಕ್ಕೆ ಮುಂಚೆ ಅವರು ತೀರಿಕೊಂಡರು. ಮರುದಿನ ಹುಬ್ಬಳ್ಳಿಯ ನೆಹರೂ ಮೈದಾನದಲ್ಲಿ ಜನಸಾಗರ, ಆಮೇಲೆ ಬೆಟದೂರಿನ ಮಣ್ಣು.

ದೇಶ ಕೇಳಿದ್ದರಿಂದ ಆಗ ಸೇನೆ ಅವರ ಸೇವೆಯ ವಿವರ ಬಿಡುಗಡೆ ಮಾಡಿತು. 2002ರ ಅಕ್ಟೋಬರ್‌ನಲ್ಲಿ ಭರ್ತಿ. 2003ರಿಂದ 2006ರವರೆಗೆ ಜಮ್ಮು-ಕಾಶ್ಮೀರದ ಮಹೋರ್‌ನಲ್ಲಿ ಉಗ್ರರ ವಿರುದ್ಧದ ಕಾರ್ಯಾಚರಣೆ. 2008ರಿಂದ 2010ರವರೆಗೆ ತಾವಾಗಿಯೇ ಕೇಳಿಕೊಂಡು 54ನೇ ರಾಷ್ಟ್ರೀಯ ರೈಫಲ್ಸ್. ಅದು ಮುಗಿಯುತ್ತಲೇ ಮತ್ತೆ ತಾವಾಗಿಯೇ ಈಶಾನ್ಯ ಭಾರತಕ್ಕೆ, 2012ರವರೆಗೆ. 2015ರ ಆಗಸ್ಟ್‌ನಿಂದ ಸಿಯಾಚಿನ್. ಹದಿಮೂರು ವರ್ಷದ ಸೇವೆಯಲ್ಲಿ ಹತ್ತು ವರ್ಷ ಕಠಿಣ ನೆಲೆಗಳಲ್ಲೇ. ಬೆಟದೂರಿನಿಂದ ಅರಳಿಕಟ್ಟಿಯ ಶಾಲೆಗೆ ನಡೆದುಕೊಂಡು ಹೋಗುತ್ತಿದ್ದ ಹುಡುಗ ದೊಡ್ಡವನಾಗಿ ಎರಡು ಸಲ, ಯಾರೂ ಒತ್ತಾಯಿಸದೆ, ಕಷ್ಟದ ಕಡೆಗೆ ತಾನೇ ಹೆಜ್ಜೆ ಇಟ್ಟ.

ಇದನ್ನು ಹಿಮದಡಿಯ ಆ ಆರು ದಿನಗಳಿಗಿಂತ ದೊಡ್ಡದೆಂದು ನಾನು ಭಾವಿಸುತ್ತೇನೆ. ಹಿಮದಡಿ ಬದುಕಿ ಉಳಿದದ್ದು ದೇಹದ ಗಟ್ಟಿತನ, ದೈವದ ಕೃಪೆ, ಏನೆಂದರೂ ಸರಿ. ತಾನೇ ಮುಂದೆ ಬಂದದ್ದು ಮಾತ್ರ ಆತನ ಮನಸ್ಸಿನ ನಿರ್ಧಾರ. ಆ ವಾರ ಟಿವಿಯ ಮುಂದೆ ಕೂತು ಕಣ್ಣೀರಿಟ್ಟವರಲ್ಲಿ ಎಷ್ಟು ಮಂದಿಗೆ ಈ ಎರಡು ಹೆಜ್ಜೆಗಳ ನೆನಪಿದೆ?

ಪ್ಯಾರಾ ಪಡೆಯೂ ಹೀಗೆ ಮುಂದೆ ಬಂದವರಿಂದಲೇ ಆದದ್ದು. ಸೈನ್ಯದ ಉಳಿದ ಕಡೆ ಹುಕುಂ ಬಂದಲ್ಲಿಗೆ ಹೋಗಬೇಕು. ಪ್ಯಾರಾಗೆ ಹೋಗಬೇಕಾದರೆ ಹೋಗುತ್ತೇನೆಂದು ಬಾಯಿಬಿಟ್ಟು ಹೇಳಬೇಕು. ಹೇಳಿದ ಮೇಲೆ ತಿಂಗಳುಗಟ್ಟಲೆ ಪರೀಕ್ಷೆಯ ಅವಧಿ. ಭಾರ ಹೊತ್ತು ಓಡುವುದು, ನಿದ್ದೆಗೆಟ್ಟು ನಡೆಯುವುದು, ದಣಿದಾಗಲೂ ಲೆಕ್ಕ ತಪ್ಪದ ಹಾಗೆ ತಲೆ ಓಡಿಸುವುದು. ಅಧಿಕಾರಿಗಾಗಲಿ ಜವಾನನಿಗಾಗಲಿ ಇದರಲ್ಲಿ ರಿಯಾಯಿತಿ ಇಲ್ಲ. ಸಾಕು ಎಂದವನಿಗೆ ತನ್ನ ಹಳೆಯ ಪಲ್ಟನ್‌ಗೆ ಮರಳುವ ಬಾಗಿಲು ಯಾವತ್ತೂ ತೆರೆದೇ ಇರುತ್ತದೆ. ಬಾಗಿಲು ತೆರೆದಿದ್ದೂ ಹೋಗದೆ ಉಳಿದವನ ತಲೆಗೆ ಮರೂನ್ ಟೋಪಿ.

ಜಿಗಿಯುವುದನ್ನು ಕಲಿಸುವುದು ಆಗ್ರಾದಲ್ಲಿ, ವಾಯುಪಡೆಯ ಶಾಲೆಯಲ್ಲಿ. ಮೊದಲು ನೆಲದ ಮೇಲೆ ಬೀಳುವ ಪಾಠ: ಕಾಲು ಜೋಡಿಸಿ, ಮೊಣಕಾಲು ಸಡಿಲ ಬಿಟ್ಟು, ಭಾರವನ್ನು ಪಕ್ಕಕ್ಕೆ ಹರಿಸಿ ಉರುಳುವುದು. ಇದೇ ಮೈಗೆ ಹತ್ತುವವರೆಗೂ ದಿನಗಟ್ಟಲೆ ಮಾಡಿಸುತ್ತಾರೆ. ನಂತರ ವಿಮಾನ. ಸುಮಾರು 1,250 ಅಡಿ ಎತ್ತರದಲ್ಲಿ ಎದ್ದು ನಿಂತು, ಬೆನ್ನಿನ ಚೀಲದಿಂದ ಬರುವ ಪಟ್ಟಿಯ ಕೊಕ್ಕೆಯನ್ನು ವಿಮಾನದ ತಂತಿಗೆ ಸಿಕ್ಕಿಸಿ, ತನ್ನ ಮುಂದೆ ನಿಂತವನ ಚೀಲ ಸರಿಯಾಗಿದೆಯೇ ಎಂದು ನೋಡಬೇಕು. ತನ್ನ ಬೆನ್ನನ್ನು ತಾನು ನೋಡಿಕೊಳ್ಳಲಾಗದು; ಅದನ್ನು ಹಿಂದಿನವನು ನೋಡುತ್ತಾನೆ. ಕೆಂಪು ದೀಪ ಆರಿ ಹಸಿರು ಹತ್ತಿದ ಕೂಡಲೇ ಬಾಗಿಲು. ಹೀಗೆ ಐದು ಜಿಗಿತ ಮುಗಿದ ಮೇಲೆ, ಅದರಲ್ಲೊಂದು ಕತ್ತಲಲ್ಲಿ, ಎದೆಯ ಮೇಲೆ ರೆಕ್ಕೆಯ ಬಿಲ್ಲೆ. ಕ್ರಿಕೆಟಿಗ ಧೋನಿ 2015ರ ಆಗಸ್ಟ್‌ನಲ್ಲಿ ಆಗ್ರಾದಲ್ಲಿ ಈ ಐದು ಜಿಗಿತ ಮುಗಿಸಿಯೇ ಬಿಲ್ಲೆ ಹಾಕಿಕೊಂಡರು. ಗೌರವ ಹುದ್ದೆಯೆಂದು ವಿನಾಯಿತಿ ಇರಲಿಲ್ಲ. ಅವರು ಸೇರಿದ ಪ್ರಾದೇಶಿಕ ಸೇನೆಯ 106ನೇ ಪ್ಯಾರಾ ಪಲ್ಟನ್ ಇರುವುದು ಬೆಂಗಳೂರಿನಲ್ಲಿ. ಪ್ಯಾರಾಚೂಟ್ ರೆಜಿಮೆಂಟಿನ ತರಬೇತಿ ಕೇಂದ್ರವೂ 1992ರಿಂದ ಬೆಂಗಳೂರಿನಲ್ಲೇ ಇದೆ. ದೇಶದ ಮೂಲೆಮೂಲೆಯಿಂದ ಮರೂನ್ ಟೋಪಿಯ ಕನಸು ಹೊತ್ತ ಹುಡುಗರು ಕನ್ನಡ ನಾಡಿಗೇ ಬಂದು ಮೊದಲ ಕವಾಯತು ಕಲಿಯುತ್ತಾರೆಂಬುದು ನವಲಗುಂದ, ಅಣ್ಣಿಗೇರಿಯ ರಸ್ತೆಗಳಲ್ಲಿ ನಸುಕಿನಲ್ಲಿ ಓಡುವ ನಮ್ಮ ಹುಡುಗರಿಗೆ ಗೊತ್ತಿರಬೇಕಾದ ಸಂಗತಿ.

ಇನ್ನೂ ಹತ್ತಿರದ ನಂಟು ಬೆಳಗಾವಿಯದು. ಅಲ್ಲಿ 1922ರಿಂದ ಬೇರೂರಿರುವ ಮರಾಠಾ ರೆಜಿಮೆಂಟಿನ 3ನೇ ಪಲ್ಟನ್ ಎರಡನೆಯ ಮಹಾಯುದ್ಧದಲ್ಲಿ ಇಟಲಿಯಲ್ಲಿ ಕಾದಿತ್ತು. 1944ರ ಜುಲೈನಲ್ಲಿ ಅಲ್ಲಿ ಮಡಿದು ವಿಕ್ಟೋರಿಯಾ ಕ್ರಾಸ್ ಪಡೆದ ಯಶವಂತ ಘಾಡ್ಗೆ ಇದೇ ಪಲ್ಟನ್ನಿನವರು. ಯುದ್ಧ ಮುಗಿದ ಮೇಲೆ ಅದು ಪ್ಯಾರಾ ಪಲ್ಟನ್ ಆಯಿತು. 1948ರ ಕಾಶ್ಮೀರ ಯುದ್ಧದಲ್ಲಿ ನೌಶೇರಾ, ಝಂಗಡ್‌ಗಳಲ್ಲಿ ಬ್ರಿಗೇಡಿಯರ್ ಮೊಹಮ್ಮದ್ ಉಸ್ಮಾನ್ ನೇತೃತ್ವದ 50ನೇ ಪ್ಯಾರಾ ಬ್ರಿಗೇಡ್‌ನಲ್ಲಿ ಈ ಮರಾಠಾ ಪಲ್ಟನ್ ಇತ್ತು. ಝಂಗಡ್ ಕೈತಪ್ಪಿದ ಮೇಲೆ ಅದನ್ನು ಮರಳಿ ಪಡೆಯುವವರೆಗೂ ಮಂಚದ ಮೇಲೆ ಮಲಗುವುದಿಲ್ಲವೆಂದು ಪಣ ತೊಟ್ಟಿದ್ದ ಉಸ್ಮಾನ್, ಮಾರ್ಚ್‌ನಲ್ಲಿ ಅದನ್ನು ಗೆದ್ದರು, ಜುಲೈ 3ರಂದು ಅದೇ ಝಂಗಡ್‌ನಲ್ಲಿ ಶೆಲ್ ಸಿಡಿದು ಮಡಿದರು. 1952ರ ಏಪ್ರಿಲ್ 15ರಂದು ಪ್ಯಾರಾಚೂಟ್ ರೆಜಿಮೆಂಟ್ ಬೇರೆಯಾಗಿ ಹುಟ್ಟಿದಾಗ ಪಂಜಾಬಿನ, ಕುಮಾವೂನಿನ ಪಲ್ಟನ್‌ಗಳ ಜೊತೆಗೆ ಇದೂ ಸೇರಿ ‘2 ಪ್ಯಾರಾ’ ಆಯಿತು. ಹಲವು ದಶಕಗಳ ನಂತರ, 1996ರಲ್ಲಿ, ಅದೇ ಮರಾಠಾ ಮನೆತನದ 21ನೇ ಪಲ್ಟನ್ ಕೂಡ ಪ್ಯಾರಾ ವಿಶೇಷ ಪಡೆಯಾಗಿ ಬದಲಾಯಿತು. ಧಾರವಾಡದಿಂದ ಎರಡು ತಾಸಿನ ದಾರಿಯ ಊರಿನಲ್ಲಿ ಬೇರು ಬಿಟ್ಟ ರೆಜಿಮೆಂಟು ದೇಶದ ವಾಯುಜಿಗಿತದ ಚರಿತ್ರೆಗೆ ಎರಡು ಪಲ್ಟನ್ ಕೊಟ್ಟಿದೆ.

ಆ 2 ಪ್ಯಾರಾದ ಹೆಸರು ಚಿರವಾದದ್ದು 1971ರ ಡಿಸೆಂಬರ್ 11ರಂದು. ಬಾಂಗ್ಲಾದೇಶದ ಟಾಂಗೈಲ್ ಬಳಿ, ಮೈಮನ್‌ಸಿಂಗ್‌ನಿಂದ ಢಾಕಾದ ಕಡೆ ಹಿಂದೆಗೆಯುತ್ತಿದ್ದ ಪಾಕಿಸ್ತಾನದ ಬ್ರಿಗೇಡನ್ನು ತಡೆಯಲು ಪೂಂಗ್ಲಿ ಸೇತುವೆ ಹಿಡಿಯಬೇಕಿತ್ತು. ಲೆಫ್ಟಿನೆಂಟ್ ಕರ್ನಲ್ ಕುಲವಂತ್ ಸಿಂಗ್ ಪನ್ನು ಅವರ ಪಲ್ಟನ್ ಕಲೈಕುಂಡ, ದಮ್‌ದಮ್ ನಿಲ್ದಾಣಗಳಿಂದ ಹೊರಟಿತು. ಆಂಟನೋವ್, ಪ್ಯಾಕೆಟ್, ಕ್ಯಾರಿಬೂ, ಡಕೋಟ, ಹೀಗೆ ಕೈಗೆ ಸಿಕ್ಕ ಸಾಗಣೆ ವಿಮಾನಗಳೆಲ್ಲ ಸೇರಿ ಐವತ್ತರಷ್ಟು. ಇಳಿಹೊತ್ತಿನಲ್ಲಿ ಏಳುನೂರಕ್ಕೂ ಹೆಚ್ಚು ಜನ ಗದ್ದೆ, ಕೆರೆ, ಮರಗಳ ನಡುವೆ ಚದುರಿ ಇಳಿದರು. ನೀರಿಗೆ ಬಿದ್ದ ಸಾಮಾನುಗಳನ್ನು ಎತ್ತಿ ಹೊತ್ತು ತಂದವರು ಅಲ್ಲಿನ ರೈತರು. ಮುಂಚಿತವಾಗಿಯೇ ವೇಷ ಮರೆಸಿ ಒಳನುಗ್ಗಿ ಮುಕ್ತಿ ವಾಹಿನಿಯ ಕಾದರ್ ಸಿದ್ದಿಕಿಯ ಪಡೆಯನ್ನು ಸೇರಿಕೊಂಡಿದ್ದ ಕ್ಯಾಪ್ಟನ್ ಪಿ.ಕೆ. ಘೋಷ್ ಅವರ ಸಿದ್ಧತೆಯೂ ಅದರ ಹಿಂದಿತ್ತು. ರಾತ್ರಿಯಾಗುವ ಹೊತ್ತಿಗೆ ಸೇತುವೆ ಕೈವಶ. ಆ ರಾತ್ರಿಯಿಡೀ ಶತ್ರು ಮೇಲೆ ಬಿದ್ದ, ಹಿಮ್ಮೆಟ್ಟಿದ, ಮತ್ತೆ ಬಿದ್ದ.

ಮರುದಿನ ಸಂಜೆ ಉತ್ತರದಿಂದ ನೆಲದ ದಾರಿಯಲ್ಲಿ ಬಂದು ಅವರನ್ನು ಕೂಡಿಕೊಂಡ ಪಲ್ಟನ್ ಯಾವುದು? 1ನೇ ಮರಾಠಾ, ಜಂಗಿ ಪಲ್ಟನ್. ಒಂದೇ ರೆಜಿಮೆಂಟಿನ ಬೇರಿನಿಂದ ಬಂದ ಇಬ್ಬರು, ಒಬ್ಬರು ಆಕಾಶದಿಂದ ಇಳಿದು, ಇನ್ನೊಬ್ಬರು ಕಾದಾಡುತ್ತ ನಡೆದು, ಪರನಾಡಿನ ಒಂದು ಸೇತುವೆಯ ಬಳಿ ಕೈ ಹಿಡಿದರು. ಡಿಸೆಂಬರ್ 16ರ ಬೆಳಿಗ್ಗೆ ಢಾಕಾ ಹೊಕ್ಕ ಮೊದಲ ಭಾರತೀಯ ಪಡೆಯೂ 2 ಪ್ಯಾರಾ. ಆ ದಿನಗಳಲ್ಲಿ ಹೊರಗಿನ ಪತ್ರಿಕೆಗಳಲ್ಲಿ ಐದು ಸಾವಿರ ಜನ ಇಳಿದರೆಂದು ಸುದ್ದಿ ಬಂತು. ಜೊತೆಗೆ ಹೋದ ಚಿತ್ರ ಆಗ್ರಾದ ಹಳೆಯ ಅಭ್ಯಾಸದ್ದು. ಶತ್ರುವಿನ ಎದೆ ನಡುಗಿಸಲು ಆ ಸುದ್ದಿಯೂ ನೆರವಾಯಿತು. ಆದರೂ ನೆನಪಿಡಬೇಕಾದದ್ದು ಏಳುನೂರು ಎಂಬ ಲೆಕ್ಕವನ್ನೇ. ಏಳುನೂರು ಜನ ಮಾಡಿದ ಕೆಲಸವನ್ನು ಐದು ಸಾವಿರವೆಂದು ಹೇಳಿದರೆ ಅದು ಆ ಏಳುನೂರು ಜನರನ್ನು ಸಣ್ಣವರನ್ನಾಗಿ ಮಾಡಿದ ಹಾಗೆ.

ಪ್ಯಾರಾ ಪಡೆಗಳು ಇದನ್ನೆಲ್ಲ ಮರೆಯದಂತೆ ನೋಡಿಕೊಳ್ಳುತ್ತವೆ. ಬ್ರಿಗೇಡಿನ ಲಾಂಛನ ಶತ್ರುಜೀತ್: ಅರ್ಧ ಮನುಷ್ಯ, ಅರ್ಧ ಕುದುರೆ, ಬೆನ್ನಿಗೆ ರೆಕ್ಕೆ, ಕೈಯಲ್ಲಿ ಬಿಲ್ಲು. ಮಾರ್ಕಂಡೇಯ ಪುರಾಣದ ಶತ್ರುಜಿತ ರಾಜನ ವಂಶದ ಕಥೆಯನ್ನು, ಮದಾಲಸೆಯನ್ನು ವರಿಸಿದ ಕುವಲಯಾಶ್ವನ ಕಥೆಯನ್ನು ಕೇಳಿ ಬೆಳೆದ ನಮಗೆ ಅದು ಹೊಸತಲ್ಲ. ಗೆದ್ದ ಯುದ್ಧಗಳ ಹೆಸರನ್ನು ಪಲ್ಟನ್ ತನ್ನ ಗೌರವವಾಗಿ ಧರಿಸುತ್ತದೆ. ಹೊಸದಾಗಿ ಬಂದ ಹುಡುಗನಿಗೆ ಬಂದೂಕಿನ ಜೊತೆಗೆ ಆ ಚರಿತ್ರೆಯನ್ನೂ ಬಾಯಿಪಾಠ ಮಾಡಿಸುತ್ತಾರೆ. ಯಾವ ವರ್ಷ, ಯಾವ ಊರು, ಯಾರ ಮುಂದಾಳುತನ, ಎಷ್ಟು ಜನ ಮರಳಲಿಲ್ಲ, ಹೇಳಲು ಬಾರದವನನ್ನು ಹವಾಲ್ದಾರ ಬಿಡುವುದಿಲ್ಲ.

ಸೋತ ಯುದ್ಧವನ್ನೂ ಅವರು ಬಿಟ್ಟುಕೊಟ್ಟಿಲ್ಲ. 1944ರ ಮಾರ್ಚ್ ಕೊನೆಯಲ್ಲಿ ಮಣಿಪುರದ ಸಾಂಗ್‌ಶಾಕ್ ಎಂಬ ನಾಗಾ ಹಳ್ಳಿಯಲ್ಲಿ 50ನೇ ಪ್ಯಾರಾ ಬ್ರಿಗೇಡ್, ಜಿಗಿಯಲು ವಿಮಾನವಿಲ್ಲದೆ ಬರೀ ಪದಾತಿಯಾಗಿ, ಜಪಾನೀ ಸೈನ್ಯವನ್ನು ಕೆಲವು ದಿನ ತಡೆದು ನಿಲ್ಲಿಸಿತು. ವಿಮಾನದಿಂದ ಹಾಕಿದ ಅನ್ನ, ನೀರು, ಗುಂಡುಗಳಲ್ಲಿ ಬಹುಪಾಲು ಶತ್ರುವಿನ ಕಡೆಗೇ ಬಿದ್ದವು. ಬ್ರಿಗೇಡು ಛಿದ್ರವಾಗಿ ಹಿಂದೆಗೆಯಿತು. ಅದನ್ನು ಬಹಳ ಕಾಲ ಸೋಲೆಂದೇ ಕಾಣಲಾಯಿತು. ಇಂಫಾಲ, ಕೊಹಿಮಾ ಉಳಿದದ್ದರಲ್ಲಿ ಆ ದಿನಗಳ ಪಾಲೆಷ್ಟು ಎಂಬುದು ಬದುಕುಳಿದವರು ಮಾತಾಡಿದಂತೆ, ಬರೆದಂತೆ ಬೆಳಕಿಗೆ ಬಂತು. ಬರೆದವರಿಲ್ಲದಿದ್ದರೆ ಆ ಹೆಸರು ಅಳಿದೇ ಹೋಗುತ್ತಿತ್ತು.

ಮೊದಲ ಜಿಗಿತದ ಡಾ. ರಂಗರಾಜ್ ಮುಂದೇನಾದರು ಎಂಬುದನ್ನೂ ಇಲ್ಲಿ ಹೇಳಬೇಕು. ಕೊರಿಯಾ ಯುದ್ಧಕ್ಕೆ ಭಾರತ ಕಾದಾಡುವ ಪಡೆ ಕಳಿಸಲಿಲ್ಲ, ಆಸ್ಪತ್ರೆ ಕಳಿಸಿತು. ಆ 60ನೇ ಪ್ಯಾರಾ ಫೀಲ್ಡ್ ಆಂಬುಲೆನ್ಸಿನ ಮುಖ್ಯಸ್ಥರಾಗಿ 1950ರ ನವೆಂಬರ್‌ನಲ್ಲಿ ಅಲ್ಲಿಗೆ ಹೋದವರು ರಂಗರಾಜ್. ಎಲ್ಲರೂ ಪ್ಯೊಂಗ್ಯಾಂಗ್ ಬಿಟ್ಟು ಓಡುತ್ತಿದ್ದಾಗ ಇವರು ಒಂದು ಹಳೆಯ ರೈಲು ಎಂಜಿನ್ ಹುಡುಕಿ, ಅದಕ್ಕೆ ಬಕೆಟ್ಟಿನಿಂದ ನೀರು ತುಂಬಿ, ಔಷಧ-ಉಪಕರಣವನ್ನೆಲ್ಲ ಅದರಲ್ಲೇ ದಕ್ಷಿಣಕ್ಕೆ ಸಾಗಿಸಿದರು. 1951ರ ಮಾರ್ಚ್ 23ರಂದು ಮುನ್ಸಾನ್ ಬಳಿ ಅಮೆರಿಕದ ಪ್ಯಾರಾ ಪಡೆ ಜಿಗಿದಾಗ ಜೊತೆಗೆ ಭಾರತದ ವೈದ್ಯರ ಸಣ್ಣದೊಂದು ತಂಡವೂ ಜಿಗಿಯಿತು, ಗಾಯಗೊಂಡವರ ಶಸ್ತ್ರಚಿಕಿತ್ಸೆಗೆ. ರಂಗರಾಜ್ ಅವರಿಗೆ ಮಹಾವೀರ ಚಕ್ರ ಬಂತು. ಸಾಯಿಸಲು ಮಾತ್ರವೇ ಈ ಪಡೆಯಿರುವುದು ಎಂದು ಸಿನಿಮಾ ನೋಡಿ ತಿಳಿದಿರುವ ನಮ್ಮ ಹುಡುಗರಿಗೆ ಈ ಕಥೆಯನ್ನು ಶಾಲೆಯಲ್ಲಿ ಹೇಳಬೇಕು. 2016ರ ಸೆಪ್ಟೆಂಬರ್‌ನ ಸರ್ಜಿಕಲ್ ದಾಳಿ, ಅದರ ಮೇಲೆ ಬಂದ 2019ರ ‘ಉರಿ’ ಸಿನಿಮಾ ಪ್ಯಾರಾ ಎಂಬ ಹೆಸರನ್ನು ಹಳ್ಳಿಹಳ್ಳಿಗೆ ಮುಟ್ಟಿಸಿದವು, ಒಳ್ಳೆಯದೇ. ಆದರೆ ಆ ಹೆಸರಿನ ಮೊದಲ ಪುಟದಲ್ಲಿ ಒಬ್ಬ ವೈದ್ಯ ಇದ್ದಾನೆ.

ಕನ್ನಡ ನೆಲಕ್ಕೂ ಪ್ಯಾರಾಚೂಟಿಗೂ ಮತ್ತೊಂದು ನಂಟಿದೆ, ಅದು ನೂಲಿನದು. ಎರಡನೆಯ ಮಹಾಯುದ್ಧದಲ್ಲಿ ಪ್ಯಾರಾಚೂಟ್ ಬಟ್ಟೆಗೆ ರೇಷ್ಮೆ ಬೇಕಾಗಿತ್ತು. ಮೈಸೂರು ಸಂಸ್ಥಾನದ, ಕೊಳ್ಳೇಗಾಲದ ಸೀಮೆಯ ರೇಷ್ಮೆಗೆ ಅದರಿಂದ ಬೇಡಿಕೆ ಏರಿತು. ಹಿಪ್ಪುನೇರಳೆ ಬೆಳೆದ ರೈತನ ಬೆವರು ಯಾವುದೋ ಸೈನಿಕನ ತಲೆಯ ಮೇಲೆ ಅರಳಿತು. 

ಇಷ್ಟು ಹೇಳಿದ ಮೇಲೆ ನಮ್ಮ ಕಡೆಗೆ ಬರಬೇಕು. ಕುಂದಗೋಳ, ಕಲಘಟಗಿ, ನವಲಗುಂದ, ಅಣ್ಣಿಗೇರಿಯ ಎರಿ ಹೊಲಗಳ ನಡುವಿನ ಊರಿಗೆ ಹೋಗಿ ಕೇಳಿದರೆ ‘ಅಂವಾ ಮಿಲ್ಟ್ರ್ಯಾಗ ಅದಾನ್ರಿ’ ಎಂಬ ಉತ್ತರ ಬರುತ್ತದೆ. ಯಾವ ಪಲ್ಟನ್, ಎಲ್ಲೆಲ್ಲಿ ಇದ್ದ, ಯಾವ ಕೆಲಸ ಮಾಡಿದ ಎಂದು ಕೇಳಿದರೆ ಅಲ್ಲಿಗೆ ಮಾತು ನಿಲ್ಲುತ್ತದೆ. ರಜೆಯಲ್ಲಿ ಬಂದಾಗ ಟ್ರಂಕಿನಿಂದ ತೆಗೆದುಕೊಟ್ಟ ಕ್ಯಾಂಟೀನ್ ಸಾಮಾನು ನೆನಪಿರುತ್ತದೆ, ಪಿಂಚಣಿಯ ಮೊತ್ತ ನೆನಪಿರುತ್ತದೆ. ಮರೂನ್ ಟೋಪಿಗೂ ಹಸಿರು ಟೋಪಿಗೂ ಇರುವ ವ್ಯತ್ಯಾಸ ಹೆತ್ತವರಿಗೂ ಹೇಳಲು ಬಾರದು. ಸೈನಿಕರೂ ಊರಿಗೆ ಬಂದು ತಮ್ಮ ಬಗ್ಗೆ ಹೇಳಿಕೊಳ್ಳುವವರಲ್ಲ. ಬಿತ್ತಿಗೆಯ ಹಂಗಾಮಿನಲ್ಲಿ ಬಂದರೆ ಹೊಲಕ್ಕೆ ಹೋಗುತ್ತಾರೆ, ಲಗ್ನದ ಹಂಗಾಮಿನಲ್ಲಿ ಬಂದರೆ ಚಪ್ಪರ ಹಾಕುತ್ತಾರೆ, ರಜೆ ಮುಗಿಯುತ್ತದೆ. ಪಾರ್ಥಿವ ಶರೀರ ಬಂದ ದಿನ ಮಾತ್ರ ಊರು ರಸ್ತೆಗಿಳಿಯುತ್ತದೆ. ಆ ಒಂದು ದಿನದ ಗೌರವದಲ್ಲಿ ಕೊರತೆಯಿಲ್ಲ. ಹುಬ್ಬಳ್ಳಿಯಿಂದ ಬೆಟದೂರಿನವರೆಗೆ ಆ ದಿನ ಹರಿದ ಕಣ್ಣೀರು ನಿಜವಾದದ್ದು. ಕೊರತೆಯಿರುವುದು ಅದರ ಹಿಂದಿನ ಹದಿಮೂರು ವರ್ಷದ ವಿಷಯದಲ್ಲಿ.

ಅದೇ ಹಿಮಕುಸಿತದಲ್ಲಿ ಮಡಿದವರಲ್ಲಿ ಹಾಸನ ಜಿಲ್ಲೆಯ ಸುಬೇದಾರ್ ನಾಗೇಶ, ಎಚ್.ಡಿ. ಕೋಟೆ ತಾಲ್ಲೂಕಿನ ಸಿಪಾಯಿ ಮಹೇಶ ಇದ್ದರು. ಹತ್ತರಲ್ಲಿ ಮೂವರು ಕರ್ನಾಟಕದವರು. ಠಾಣೆಯ ಮುಖ್ಯಸ್ಥರೇ ನಾಗೇಶ. ಆದರೆ ಅವರು ಬದುಕಿ ಹೊರಬರಲಿಲ್ಲವಾದ್ದರಿಂದ ದೇಶ ಅವರ ಬಗ್ಗೆ ಹನುಮಂತಪ್ಪನವರ ಬಗ್ಗೆ ಕೇಳಿದ ಹಾಗೆ ಕೇಳಲಿಲ್ಲ. ಒಬ್ಬರ ಹದಿಮೂರು ವರ್ಷದ ಲೆಕ್ಕ ಪತ್ರಿಕೆಗಳಲ್ಲಿ ಸಾಲುಸಾಲಾಗಿ ಬಂತು, ಇನ್ನೊಬ್ಬರದು ಒಂದು ಸಾಲಿನಲ್ಲಿ ಮುಗಿಯಿತು. ನೆನಪು ಹೀಗೆ ಪವಾಡದ ಮೇಲೆ ನಿಂತರೆ ಪವಾಡ ನಡೆಯದವರ ಗತಿಯೇನು?

ಈ ನೆಲ ಮೊದಲಿನಿಂದ ಹೀಗಿರಲಿಲ್ಲ ಎಂಬುದೇ ನನಗೆ ನೋಯುವ ವಿಷಯ. ಬೆಳ್ವೊಲ ಮುನ್ನೂರರ ನಾಡಿದು. ಅಣ್ಣಿಗೇರಿಯ ಅಮೃತೇಶ್ವರ ಗುಡಿ ಎದ್ದ ಕಾಲದಲ್ಲಿ ಇಲ್ಲಿಯ ಊರುಗಳು ತಮ್ಮ ಕಾದಾಳುಗಳಿಗೆ ಕಲ್ಲು ನಿಲ್ಲಿಸುತ್ತಿದ್ದವು. ಊರ ಅಗಸಿಯ ಬಳಿ, ಕೆರೆಯ ದಂಡೆಯಲ್ಲಿ, ಹನುಮಪ್ಪನ ಗುಡಿಯ ಗೋಡೆಗೆ ಒರಗಿಸಿ ಇವತ್ತಿಗೂ ವೀರಗಲ್ಲುಗಳಿವೆ. ಕೆಳಗಿನ ಪಟ್ಟಿಕೆಯಲ್ಲಿ ಕಾಳಗ, ನಡುವೆ ಅಪ್ಸರೆಯರು ಅವನನ್ನು ಎತ್ತಿ ಒಯ್ಯುವುದು, ಮೇಲೆ ಲಿಂಗದ ಸನ್ನಿಧಿ, ಸೂರ್ಯ-ಚಂದ್ರ. ಅಕ್ಷರವಿರುವ ಕಲ್ಲುಗಳಲ್ಲಿ ವಿವರವೂ ಉಂಟು: ಯಾವ ಅರಸನ ಕಾಲ, ಯಾವ ವರ್ಷ, ಇಂಥ ಊರಿನ ಇಂಥವನ ಮಗ, ಹಸುಗಳನ್ನು ಹೊಡೆದುಕೊಂಡು ಹೋಗುವಾಗ ತಡೆದು ಕಾದಿ ಮಡಿದ, ಹೆಂಗಸರ ಮಾನ ಕಾಯಲು ನಿಂತು ಮಡಿದ, ಊರಿಗೆ ಬೆಂಕಿ ಬಿದ್ದಾಗ ಮಡಿದ. ಕಲ್ಲು ನಿಲ್ಲಿಸಿದವರ ಹೆಸರೂ ಕೆಲವು ಕಡೆ ಇದೆ. ಸಾವಿರ ವರ್ಷದ ಹಿಂದಿನ ಒಕ್ಕಲು ಮನೆತನ ತನ್ನವನು ಯಾಕೆ ಸತ್ತ ಎಂಬುದನ್ನು ಕಲ್ಲಿನಲ್ಲಿ ಕೊರೆಸಿತು. ನಾವು ಇಂದು ಫ್ಲೆಕ್ಸಿನಲ್ಲಿ ‘ಅಮರ್ ರಹೇ’ ಎಂದಷ್ಟೇ ಬರೆಸುತ್ತೇವೆ; ಮಳೆಗಾಲಕ್ಕೆ ಅದು ಹರಿಯುತ್ತದೆ. ಪುತ್ಥಳಿ ಮಾಡಿಸುತ್ತೇವೆ, ಅದರ ಬುಡದಲ್ಲಿ ಜನನ-ಮರಣದ ದಿನಾಂಕ, ಉದ್ಘಾಟಿಸಿದ ಗಣ್ಯರ ಪಟ್ಟಿ. ಸೈನಿಕ ಮಾಡಿದ ಕೆಲಸಕ್ಕೆ ಅಲ್ಲಿ ಜಾಗ ಉಳಿದಿರುವುದಿಲ್ಲ.

ವೀರಗಲ್ಲಿಗೂ ಒಂದು ಮಿತಿ ಇತ್ತೆಂದು ಒಪ್ಪೋಣ: ಅದು ಸತ್ತವನಿಗೆ ಮಾತ್ರ. ಗೆದ್ದು ಮನೆಗೆ ಬಂದವನಿಗೆ ಕಲ್ಲಿಲ್ಲ. ಪ್ಯಾರಾ ಪಡೆಯ ರೂಢಿ ಇಲ್ಲಿ ಬೇರೆ ದಾರಿ ತೋರಿಸುತ್ತದೆ. ಅಲ್ಲಿ ರೆಕ್ಕೆಯ ಬಿಲ್ಲೆ ಸಿಗುವುದು ಬದುಕಿರುವವನಿಗೆ, ಐದು ಸಲ ಜಿಗಿದು ಐದು ಸಲವೂ ಎದ್ದು ನಿಂತವನಿಗೆ. ಗೌರವಕ್ಕೆ ಶವಪೆಟ್ಟಿಗೆಯ ದಾರಿ ಕಾಯಬೇಕಿಲ್ಲ.

ಇದನ್ನು ಈಗಲೇ ಹೇಳುವುದಕ್ಕೆ ಇನ್ನೊಂದು ಕಾರಣವಿದೆ. 2022ರ ಜೂನ್ 14ರಂದು ಘೋಷಣೆಯಾದ ಅಗ್ನಿಪಥ ಯೋಜನೆಯಲ್ಲಿ ಸೇರಿದ ಮೊದಲ ತಂಡದ ಹುಡುಗರು 2023ರ ಆರಂಭದಲ್ಲಿ ತರಬೇತಿಗೆ ಹೋದರು. ಯೋಜನೆಯ ನಾಲ್ಕು ವರ್ಷದ ಸೇವಾವಧಿ ಅವರಿಗೆ 2026ರ ಕೊನೆಗೆ ತುಂಬುತ್ತದೆ. ಯೋಜನೆಯ ಪ್ರಕಾರ ಹೆಚ್ಚೆಂದರೆ ನೂರಕ್ಕೆ 25 ಜನ ಸೇನೆಯಲ್ಲೇ ಉಳಿಯುತ್ತಾರೆ. ಉಳಿದವರು ಸುಮಾರು 11.71 ಲಕ್ಷ ರೂಪಾಯಿಯ ಸೇವಾ ನಿಧಿಯೊಂದಿಗೆ, ಪಿಂಚಣಿಯಿಲ್ಲದೆ ಊರಿಗೆ ಮರಳುತ್ತಾರೆ. ಸೇನೆಗೆ ಎಳೆಯ ವಯಸ್ಸು ಬೇಕೆಂಬ ವಾದದಲ್ಲಿ ಹುರುಳಿದೆ. ಆದರೆ ಪ್ಯಾರಾದಂಥ ಪಡೆಯನ್ನು ನೋಡಿದಾಗ ನನಗೆ ನಾಲ್ಕು ವರ್ಷ ತೀರ ಕಡಿಮೆ ಎನಿಸುತ್ತದೆ. ತರಬೇತಿ, ಪರೀಕ್ಷೆಯ ಅವಧಿ, ಜಿಗಿತ, ಆಯುಧ, ಬೆಟ್ಟ, ಕಾಡು, ಇಷ್ಟು ಕಲಿತು ಕೈ ಕುದುರುವ ಹೊತ್ತಿಗೆ ಅವಧಿ ಮುಗಿದಿರುತ್ತದೆ. ನಾಮ್, ನಮಕ್, ನಿಶಾನ್ ಎಂದು ಸೈನ್ಯ ಹೇಳುವ ಆ ಪಲ್ಟನ್ನಿನ ಅಭಿಮಾನವನ್ನು ಹೊಸಬರಿಗೆ ದಾಟಿಸುವವನು ಹದಿನೈದು-ಇಪ್ಪತ್ತು ವರ್ಷ ಸವೆಸಿದ ಹವಾಲ್ದಾರ. ಅಂಥ ಹವಾಲ್ದಾರರು ನಾಳೆಯೂ ಸಾಕಷ್ಟು ಇರುವಂತೆ ನೋಡಿಕೊಳ್ಳದಿದ್ದರೆ ಟಾಂಗೈಲ್, ಝಂಗಡ್ ಬರೀ ಗೋಡೆಯ ಮೇಲಿನ ಫಲಕಗಳಾಗುತ್ತವೆ. ಎಷ್ಟು ಜನರನ್ನು ಉಳಿಸಿಕೊಳ್ಳಬೇಕೆಂಬ ಲೆಕ್ಕವನ್ನು ಸರ್ಕಾರ ಮತ್ತೊಮ್ಮೆ ನೋಡಬೇಕು, ಅದರಲ್ಲೂ ಪ್ಯಾರಾ ಮತ್ತು ವಿಶೇಷ ಪಡೆಗಳಿಗೆ ಪ್ರತ್ಯೇಕವಾಗಿ.

ಊರಿಗೆ ಮರಳುವ ಹುಡುಗ ಇಪ್ಪತ್ತೈದರ ಆಸುಪಾಸಿನವನು. ಅವನು ಆಗ್ರಾದ ಆಕಾಶ ನೋಡಿರಬಹುದು, ಸಿಯಾಚಿನ್ನಿನ ಚಳಿ ತಿಂದಿರಬಹುದು. ಸಿಯಾಚಿನ್ ಎಂದರೆ 1984ರ ಏಪ್ರಿಲ್ 13ರಂದು ಚೀತಾ ಹೆಲಿಕಾಪ್ಟರುಗಳು ಬಿಲಾಫೊಂಡ್ ಲಾ ಕಣಿವೆಯ ಹಿಮದ ಮೇಲೆ ಮೊದಲ ತಂಡವನ್ನು ಇಳಿಸಿದ ದಿನದಿಂದ ಇಂದಿನವರೆಗೂ ಆಕಾಶದ ದಾರಿಯಲ್ಲೇ ಉಣ್ಣುವ ನೆಲೆ; ಅಲ್ಲಿಯ ಮೇಲಿನ ಠಾಣೆಗಳಿಗೆ ಅಕ್ಕಿ, ಸೀಮೆಎಣ್ಣೆ, ಮದ್ದುಗುಂಡು ಹೆಲಿಕಾಪ್ಟರಿನಲ್ಲಿ ಇಲ್ಲವೇ ಪ್ಯಾರಾಚೂಟಿನಲ್ಲಿ ಇಳಿಯಬೇಕು. ಅಂಥ ಕಡೆ ನಾಲ್ಕು ವರ್ಷ ಕಳೆದು ಬಂದವನನ್ನು ಊರು ‘ಕೆಲಸ ಬಿಟ್ಟು ಬಂದವ’ ಎಂದು ನೋಡಿದರೆ ಅದು ಅನ್ಯಾಯ. ಅವನು ಬಿಟ್ಟು ಬಂದದ್ದಲ್ಲ, ಅವಧಿ ಮುಗಿಸಿ ಬಂದದ್ದು. ಏನು ಮುಗಿಸಿ ಬಂದ ಎಂದು ಕೇಳುವವರಿರಬೇಕು.

ಕೇಳಿ ಬರೆದಿಡುವ ಕೆಲಸಕ್ಕೆ ಧಾರವಾಡಕ್ಕಿಂತ ತಕ್ಕ ಜಾಗ ಬೇರೆಯಿಲ್ಲ. ವೀರಗಲ್ಲುಗಳ, ಶಾಸನಗಳ ಅಕ್ಷರ ಓದಿ ಪುಸ್ತಕ ಮಾಡಿದ ಕನ್ನಡ ಸಂಶೋಧನ ಸಂಸ್ಥೆ ಇಲ್ಲಿದೆ. 1890ರಿಂದ ನಡೆದುಬಂದ ವಿದ್ಯಾವರ್ಧಕ ಸಂಘ ಇದೆ. ಕರ್ನಾಟಕ ವಿಶ್ವವಿದ್ಯಾಲಯದ ಇತಿಹಾಸ ವಿಭಾಗ ಇದೆ, ಕುಂದಗೋಳ, ನವಲಗುಂದ, ಕಲಘಟಗಿ, ಅಣ್ಣಿಗೇರಿಯ ಕಾಲೇಜುಗಳಲ್ಲಿ ಇತಿಹಾಸ, ಕನ್ನಡ ಓದುವ ಮಕ್ಕಳಿದ್ದಾರೆ. ಜಿಲ್ಲೆಯ ಸೈನಿಕ ಕಲ್ಯಾಣ ಇಲಾಖೆಯ ಕಚೇರಿಯಲ್ಲಿ ಮಾಜಿ ಸೈನಿಕರ ಹೆಸರಿನ ಪಟ್ಟಿ ಇರುತ್ತದೆ. ಒಂದು ಕಾಲೇಜು ಒಂದು ತಾಲ್ಲೂಕನ್ನು ವಹಿಸಿಕೊಂಡರೆ, ಒಬ್ಬ ವಿದ್ಯಾರ್ಥಿ ಒಂದು ಊರನ್ನು ವಹಿಸಿಕೊಂಡರೆ ಎರಡು ಬೇಸಿಗೆಯಲ್ಲಿ ಈ ಕೆಲಸ ಆದೀತು. 1971ರಲ್ಲಿ ಇಪ್ಪತ್ತು ವರ್ಷದವನಾಗಿದ್ದ ಸೈನಿಕನಿಗೆ ಈಗ ಎಪ್ಪತ್ತೈದು. ಅಂಥವರ ಮನೆಗೆ ಮೊದಲು ಹೋಗಬೇಕು.

ಕೇಳಬೇಕಾದ ಪ್ರಶ್ನೆಗಳು ಸರಳ. ಭರ್ತಿಗೆ ಎಷ್ಟು ಸಲ ಹೋಗಿದ್ದಿರಿ, ಎಲ್ಲಿ, ಯಾರ ಜೊತೆ? ಮೊದಲ ಪಲ್ಟನ್ ಯಾವುದು? ಎಲ್ಲೆಲ್ಲಿ ಪೋಸ್ಟಿಂಗ್? ತಾವಾಗಿ ಕೇಳಿಕೊಂಡು ಹೋದದ್ದು ಎಲ್ಲಿಗೆ? ಪ್ಯಾರಾದಲ್ಲಿದ್ದವರಾದರೆ ಮೊದಲ ಜಿಗಿತದ ದಿನ ಯಾವ ವಿಮಾನ, ಹಿಂದೆ ನಿಂತು ಬೆನ್ನ ಚೀಲ ನೋಡಿದವ ಯಾವ ಊರಿನವನು? ಉತ್ತರವನ್ನು ಅವರ ಮಾತಿನಲ್ಲಿಯೇ, ಧಾರವಾಡದ ಕನ್ನಡದಲ್ಲಿಯೇ ಬರೆದುಕೊಂಡು, ಓದಿ ಹೇಳಿ, ಅವರ ಸಹಿ ಹಾಕಿಸಬೇಕು. ಒಂದು ಪ್ರತಿ ಮನೆಯವರಿಗೆ, ಒಂದು ಗ್ರಾಮ ಪಂಚಾಯಿತಿಗೆ, ಒಂದು ಧಾರವಾಡದ ಸಂಸ್ಥೆಗೆ. ಬೆಟದೂರಿನಿಂದ ಶುರು ಮಾಡುವುದಾದರೆ ಹನುಮಂತಪ್ಪನವರ ಮನೆಗೆ ಹೋಗುವುದಕ್ಕಿಂತ ಮುಂಚೆ ಆ ಊರಿನಿಂದ, ಅರಳಿಕಟ್ಟಿಯಿಂದ, ಸುತ್ತಲಿನ ಊರುಗಳಿಂದ ಅವರ ಹಿಂದೆ ಮುಂದೆ ಭರ್ತಿಯಾದವರ ಮನೆಗಳಿಗೆ ಹೋಗಬೇಕು. ಅವರನ್ನು ಇದುವರೆಗೆ ಯಾರೂ ಕೇಳಿಲ್ಲ.